ಅಚೌರ್ಯಾಣುವ್ರತ ಮತ್ತು ಮನೆಯ ದೃಶ್ಯಮುದ್ರಣ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಪರರ ಸೊತ್ತನ್ನು ಅವರು ಕೊಡದೆ ತೆಗೆದುಕೊಳ್ಳಬಾರದೆಂಬುದು ಅದರ ಸ್ಥೂಲಾರ್ಥ. ಧಾನ್ಯ, ವಸ್ತ್ರ, ಬಂಗಾರಗಳ ವಿಷಯದಲ್ಲಿ ಇದು ಸ್ಪಷ್ಟ. ಒಬ್ಬನು ಒಯ್ದರೆ ಇನ್ನೊಬ್ಬನಿಗೆ ಇಲ್ಲವಾಗುತ್ತದೆ. ಆದರೆ ದೂರದರ್ಶನದ ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಂಡರೆ ಪ್ರಸಾರಕರ ಬಳಿ ಇದ್ದುದು ಅಲ್ಲಿಯೇ ಉಳಿಯುತ್ತದೆ. ಇದೂ ಅದತ್ತಾದಾನವೆ?

ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತ್ತು. 1976ರಲ್ಲಿ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು ಬೀಟಾಮ್ಯಾಕ್ಸ್ ಯಂತ್ರದ ತಯಾರಕರಾದ ಸೋನಿ ಸಂಸ್ಥೆಯ ಮೇಲೆ ದಾವೆ ಹೂಡಿದವು. ಉಚಿತ ಪ್ರಸಾರವನ್ನು ಮುದ್ರಿಸಿಟ್ಟು ಅನುಕೂಲವಾದ ಹೊತ್ತಿನಲ್ಲಿ ನೋಡುವುದು ನ್ಯಾಯಸಮ್ಮತವೆಂದು 1984ರ ಜನವರಿ 17ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ನಾಲ್ವರ ವಿರುದ್ಧ ಐವರ ಬಹುಮತದಿಂದ ತೀರ್ಪಿತ್ತಿತು. ಭಾರತದ ಕೃತಿಸ್ವಾಮ್ಯ ಕಾಯಿದೆಯ 39ನೆಯ ಕಲಮು ಸಹ ಮುದ್ರಿಸಿಕೊಂಡವನ ಸ್ವಂತ ಉಪಯೋಗಕ್ಕೆ ಅವಕಾಶವೀಯುತ್ತದೆ.

ಕಾಯಿದೆ ಒಪ್ಪಿದುದನ್ನು ವ್ರತವೂ ಒಪ್ಪುವುದೇ ಎಂಬುದು ಶ್ರಾವಕನ ಪ್ರಶ್ನೆ. ಪೂಜ್ಯಪಾದಾಚಾರ್ಯರು 'ಸರ್ವಾರ್ಥಸಿದ್ಧಿ'ಯಲ್ಲಿ ಇಂಥದೇ ಶಂಕೆಯನ್ನು ಎತ್ತಿ ಪರಿಹರಿಸಿದ್ದಾರೆ. ಮುನಿಯು ಊರಬೀದಿಯಲ್ಲಿ ನಡೆದರೆ, ಅದರ ಬಾಗಿಲನ್ನು ಹೊಕ್ಕರೆ, ಕೊಡದುದನ್ನು ಪಡೆದಂತಾಗದೆ ಎಂಬುದು ಶಂಕೆ. ಅವು ಎಲ್ಲರಿಗೂ ತೆರೆದಿರುವುದರಿಂದ ದೋಷವಿಲ್ಲ. ಮುಚ್ಚಿದ ಬಾಗಿಲನ್ನು ಮುನಿಯು ಹೊಗುವುದಿಲ್ಲ ಎಂಬುದು ಪರಿಹಾರ. ಜೊತೆಗೆ ಪ್ರಮತ್ತಯೋಗ, ಅಂದರೆ ಕಷಾಯಪ್ರೇರಿತವಾದ ಪ್ರವೃತ್ತಿ, ಇದ್ದಲ್ಲಿ ಮಾತ್ರ ಕಳವಿನ ದೋಷವೆಂದೂ ಅವರು ತಿಳಿಸುತ್ತಾರೆ.

ಈ ವಿವೇಕವು ಇಂದಿಗೂ ಸಲ್ಲುತ್ತದೆ. ಉಚಿತ ಪ್ರಸಾರವು ತೆರೆದ ಬೀದಿ. ನಕಲು ಮಾಡದಂತೆ ತಡೆಯನ್ನು ಅಳವಡಿಸಿದ ಪ್ರಸಾರವು ಮುಚ್ಚಿದ ಬಾಗಿಲು. ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ತಡೆಯನ್ನು ಮುರಿಯುವುದು 2012ರ ತಿದ್ದುಪಡಿಯಿಂದ ಶಿಕ್ಷಾರ್ಹವಾಯಿತು. ಹೀಗೆ ಕಾಯಿದೆಯೂ ಮನಸ್ಸಿನ ಉದ್ದೇಶವನ್ನು ವಿಚಾರಿಸುತ್ತದೆ. ಆದರೆ ಬೀಗವಿಲ್ಲದ ಮಾತ್ರಕ್ಕೆ ಸರ್ವಕ್ಕೂ ಅನುಮತಿ ದೊರೆತಂತಲ್ಲ. ಬೀದಿಯು ನಡೆಯುವುದಕ್ಕೆ ತೆರೆದಿದೆಯೇ ಹೊರತು ಅಲ್ಲಿ ಅಂಗಡಿ ಹೂಡುವುದಕ್ಕಲ್ಲ.

ಬಾಹುಬಲಿಸ್ವಾಮಿಯ ಮಹಾಮಸ್ತಕಾಭಿಷೇಕದ ಪ್ರಸಾರವನ್ನು, ಬೆಟ್ಟ ಹತ್ತಲಾರದ ಅಜ್ಜಿಗಾಗಿ ಮೊಮ್ಮಗನು ಮುದ್ರಿಸಿಟ್ಟರೆ ಅಲ್ಲಿ ಲೋಭವಿಲ್ಲ. ಅದನ್ನೇ ಬಸದಿಯ ಆಡಳಿತ ಮಂಡಳಿಯು ನೂರಾರು ಪ್ರತಿ ಮಾಡಿಸಿ, ಜೀರ್ಣೋದ್ಧಾರ ನಿಧಿಗೆಂದು ಮಾರಿದರೆ? ಧರ್ಮಪ್ರಭಾವನೆಗಾಗಿ ಮಾಡಿದ್ದು, ಯಾರ ಜೇಬಿಗೂ ಹೋಗಲಿಲ್ಲ ಎಂಬ ಸಮಾಧಾನ ಸಹಜವಾಗಿ ಬರುತ್ತದೆ. ಆದರೆ ತತ್ತ್ವಾರ್ಥಸೂತ್ರದ ಪ್ರಕಾರ ದಾನವೆಂದರೆ ತನ್ನದಾದುದರ ತ್ಯಾಗ. ಕ್ಯಾಮೆರಾ ಹಿಡಿದವರ, ಸಂಕಲನ ಮಾಡಿದವರ, ವೆಚ್ಚ ಭರಿಸಿದವರ ಶ್ರಮವನ್ನು ಕೇಳದೆ ಮಾರಿ ಬಂದ ಹಣದಿಂದ ಶಿಖರವೇನೋ ಏಳಬಹುದು. ಆದರೆ ಅದು ದಾನವೆನಿಸದು. ತಿಳಿದೂ ಆ ಪ್ರತಿಯನ್ನು ಕೊಂಡ ಶ್ರಾವಕನಿಗೆ ತದಾಹೃತಾದಾನವೆಂಬ ಅತಿಚಾರ ತಗಲುತ್ತದೆ.

ಪರಿಹಾರವು ಕಷ್ಟದ್ದೇನಲ್ಲ. ಪ್ರಸಾರ ಸಂಸ್ಥೆಗೆ ಒಂದು ಪತ್ರ ಬರೆದು ಅನುಮತಿ ಕೋರಬಹುದು. ದೊರೆತರೆ 'ಅದತ್ತ'ವಾಗಿದ್ದುದು 'ದತ್ತ'ವಾಗುತ್ತದೆ. ದೊರೆಯದಿದ್ದರೆ, ಮುಚ್ಚಿದ ಬಾಗಿಲ ಮುಂದಿನಿಂದ ಮುನಿಯು ಸಾಗಿಹೋಗುವಂತೆ ಅದನ್ನು ಬಿಟ್ಟು ಮುನ್ನಡೆಯುವುದೇ ವ್ರತಪಾಲನೆ.