ಬಂಡೆಗೆ ಅಂಟಿದವರು

ಅಲೆ ಬಂದು ಬಂಡೆಗೆ ಬಡಿಯಿತು ಅನ್ನುತ್ತೇವೆ. ಬಂದದ್ದು ಯಾವುದು? ನೀರಂತೂ ಅಷ್ಟು ದೂರದಿಂದ ಬಂದದ್ದಲ್ಲ. ಗಾಳಿ ಕಡಲ ಮೈಯನ್ನು ಉಜ್ಜಿ ಕೊಟ್ಟ ಶಕ್ತಿ ಮುಂದಕ್ಕೆ ಸಾಗುತ್ತದೆ. ನೀರಿನ ಕಣ ಒಂದು ಸುತ್ತು ಹಾಕಿ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಮರಳುತ್ತದೆ. ದಕ್ಷಿಣ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉಬ್ಬಲೆ ಸಾವಿರಾರು ಕಿಲೋಮೀಟರ್ ದಾಟಿ, ಊರಲ್ಲಿ ಗಾಳಿಯೇ ಇಲ್ಲದ ದಿನ ಕೇರಳದ ಮನೆಯಂಗಳಕ್ಕೆ ನುಗ್ಗುವುದುಂಟು. ಆಳ ಕಡಿಮೆಯಾದಂತೆ ಅಲೆಯ ಬುಡ ನೆಲಕ್ಕೆ ತಾಗಿ, ನಡೆ ನಿಧಾನವಾಗಿ, ಬೆನ್ನು ಎತ್ತರವಾಗಿ, ಕೊನೆಗೆ ತಲೆ ಮಗುಚುತ್ತದೆ. ಎಲ್ಲಿಂದಲೋ ಹೊರಟ ಶಕ್ತಿಯ ಪೆಟ್ಟು ಬೀಳುವುದು ಅಲುಗದೆ ನಿಂತವರ ಮೇಲೆ.

ಅಲ್ಲೇ ಮನೆ ಮಾಡಿದವರಿದ್ದಾರೆ. ಮುಂಬೈಯ ಕರಿಬಂಡೆಗಳ ಬಳಿ ಇಳಿತದ ಹೊತ್ತಿಗೆ ಹೋದರೆ ಬಿಳಿ ಗುಳ್ಳೆಗಳಂತೆ ಬಾರ್ನಕಲ್‌ಗಳು ಕಾಣುತ್ತವೆ. ಚಿಪ್ಪು ನೋಡಿ ಮರುವಾಯಿಯ ಬಳಗ ಅಂದುಕೊಳ್ಳಬೇಡಿ, ಅದು ಏಡಿ, ಸಿಗಡಿಗಳ ದಾಯಾದಿ. ಮರಿಯಾಗಿದ್ದಾಗ ನೀರಲ್ಲಿ ತೇಲಾಡುತ್ತದೆ. ಆಮೇಲೆ ಊಟ ಬಿಟ್ಟು ಜಾಗ ಹುಡುಕುತ್ತದೆ. ಮೀಸೆಯಿಂದ ಬಂಡೆಯನ್ನು ತಡವಿ, ತನ್ನ ಜಾತಿಯವರು ಬಿಟ್ಟ ರಾಸಾಯನಿಕ ಗುರುತು ಸಿಕ್ಕಿತೋ, ಅಲ್ಲೇ ತಲೆ ಅಂಟಿಸಿಕೊಂಡುಬಿಡುತ್ತದೆ. ಮುಂದೆ ಜೀವಮಾನವಿಡೀ ತಲೆಕೆಳಗಾಗಿ ನಿಂತು, ಕಾಲಿನಿಂದ ಅನ್ನ ಬಾಚಿಕೊಳ್ಳುವ ಬಾಳು. ಮತ್ತೆ ಅಲುಗಲಾಗದವರಿಗೆ ಪಕ್ಕದವರೊಂದಿಗೇ ಸಂಸಾರ. (ಮಾಟುಂಗಾದಲ್ಲೇ ಖೋಲಿ ಹುಡುಕಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಿರಲಿಲ್ಲ.)

2020ರಲ್ಲಿ ಕೋಸ್ಟಲ್ ರೋಡಿಗಾಗಿ ವರ್ಲಿ, ಹಾಜಿ ಅಲಿಯ ದಡದಿಂದ 18 ಹವಳದ ಗುಂಪುಗಳನ್ನು ಎಬ್ಬಿಸಿ ಬೇರೆಡೆ ನೆಟ್ಟರು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹವಳವಿದೆ, ಬಾರ್ನಕಲ್ ಇಲ್ಲ. ಒಂದಕ್ಕೆ ಅನುಮತಿ ಪತ್ರ, ಇನ್ನೊಂದರ ಮೇಲೆ ಕಲ್ಲುಮಣ್ಣು.

ಇದು ಅನ್ಯಾಯವೇ? ಅಪರೂಪದ್ದನ್ನು ಮೊದಲು ಉಳಿಸುವುದು ತಪ್ಪಲ್ಲ, ಒಪ್ಪುತ್ತೇನೆ. ಹೊಸ ತಡೆಗೋಡೆಯ ಕಲ್ಲಿಗೂ ನಾಳೆ ಬಾರ್ನಕಲ್ ಅಂಟುತ್ತದೆ, ಕುಲವೇನೂ ಅಳಿಯುವುದಿಲ್ಲ. ಆದರೆ ‘ಕುಲ ಉಳಿಯಿತಲ್ಲ’ ಎಂಬುದು ಹೂತುಹೋದದ್ದಕ್ಕೆ ಕೊಟ್ಟ ಉತ್ತರವಲ್ಲ. ‘ಬೇರೆ ಕಡೆ ಜಾಗ ಕೊಟ್ಟಿದ್ದೇವಲ್ಲ’ ಎಂಬುದೂ ಅರ್ಧ ಉತ್ತರ. ಹವಳದ ಜೊತೆ ಅದರ ನೆರೆಹೊರೆ ಹೋಗಲಿಲ್ಲ. ಅಪರೂಪ ಅನ್ನುವುದು ನಮ್ಮ ಲೆಕ್ಕ. ಪ್ರತಿ ಬಾರ್ನಕಲ್ಲಿಗೂ ಇದ್ದದ್ದು ಒಂದೇ ಜಾಗ.

ರಸ್ತೆ ಬೇಡವೆನ್ನುವಷ್ಟು ಧೈರ್ಯ ನನಗಿಲ್ಲ, ಅದರಲ್ಲಿ ನಾನೂ ಓಡಾಡುತ್ತೇನೆ. ವರ್ಲಿ ಕೋಳಿವಾಡದ ಮೀನುಗಾರರು ದೋಣಿ ಸಾಗಲು ಸೇತುವೆಯ ಕಂಬಗಳ ನಡುವೆ ಜಾಗ ಸಾಲದೆಂದು ಹಟ ಹಿಡಿದು, 60 ಮೀಟರನ್ನು 120 ಮಾಡಿಸಿಕೊಂಡರು. ಅವರಿಗೆ ಬಾಯಿತ್ತು, ಸಂಘವಿತ್ತು. ಬಾರ್ನಕಲ್ಲಿನ ಪರವಾಗಿ ಅಳತೆ ಹೇಳಬೇಕಾದವರು ಯಾರು?