ನೂತನ ಸಂಶೋಧನೆಯೂ ನಮ್ಮ ನಂಬುಗೆಯೂ

ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಸಂಶೋಧನೆಯ ಸುದ್ದಿಯು ಒಂದು ಕಾಲಕ್ಕೆ ವಿದ್ವಾಂಸರ ಗೋಷ್ಠಿಯನ್ನು ಬಿಟ್ಟು ಹೊರಗೆ ಬರುತ್ತಿದ್ದುದು ಅಪೂರ್ವ. ಈಗಲಾದರೋ ಅದು ಬೆಳಗಿನ ಕಾಫಿಯೊಡನೆಯೇ ಮನೆಯೊಳಕ್ಕೆ ಬರುತ್ತದೆ. ಇಂಥ ಆಹಾರವು ಹೃದಯಕ್ಕೆ ಹಿತ, ಇಂಥ ಅಭ್ಯಾಸವು ಮಕ್ಕಳ ಬುದ್ಧಿಗೆ ಕೇಡು, ಇಂಥ ವಸ್ತುವಿನಿಂದ ಲೋಕದ ವಿದ್ಯುತ್ತಿನ ಕಷ್ಟವೆಲ್ಲ ಕಳೆಯುವುದು ಎಂದು ದಿನಕ್ಕೊಂದು ವಾರ್ತೆ. ಹಿರಿಯರಲ್ಲಿ ಕೆಲವರು ‘ಇಂದು ಹೌದೆಂದುದನ್ನು ನಾಳೆ ಅಲ್ಲವೆನ್ನುವರು, ಇವರನ್ನು ನಂಬುವುದೆಂತು?’ ಎಂದು ಕೈಕೊಡವುತ್ತಾರೆ. ಕಿರಿಯರಲ್ಲಿ ಕೆಲವರು ‘ವಿಜ್ಞಾನವೇ ಹೇಳಿದೆ’ ಎಂದು ಕೈಮುಗಿಯುತ್ತಾರೆ. ಕೊಡವಿದ ಕೈಗೂ ಮುಗಿದ ಕೈಗೂ ವಿಚಾರದ ಶ್ರಮವಿಲ್ಲ. ಹಾಗಾದರೆ ಹೊಸದಾಗಿ ಕೇಳಿಬಂದ ಅರಿವನ್ನು ಗೃಹಸ್ಥನಾದವನು ಎಷ್ಟರಮಟ್ಟಿಗೆ ನಂಬಿ ನಡೆಯಬೇಕು? ಮೇಲುನೋಟಕ್ಕೆ ಇದು ಬುದ್ಧಿಯ ಪ್ರಶ್ನೆಯೆಂದು ತೋರಿದರೂ, ಇದರ ಬೇರು ಧರ್ಮದಲ್ಲಿರುವುದೆಂದು ನನ್ನ ಅಭಿಪ್ರಾಯ.

ನಮ್ಮ ದರ್ಶನಕಾರರು ಈ ವಿಷಯದಲ್ಲಿ ಬಹುಕಾಲ ವಾದಮಾಡಿದ್ದಾರೆ. ಜ್ಞಾನವು ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುವುದು, ಬಾಧಕವು ಬರುವವರೆಗೆ ಅದನ್ನು ಶಂಕಿಸಲು ಕಾರಣವಿಲ್ಲ ಎಂದರು ಮೀಮಾಂಸಕರು. ಹಾಗಲ್ಲ, ದೂರದಲ್ಲಿ ನೀರೆಂದು ಕಂಡುದು ನೀರೋ ಬಿಸಿಲ್ಗುದುರೆಯೋ ಎಂಬುದು ಹತ್ತಿರ ಹೋಗಿ ಕುಡಿದಾಗಲೇ ನಿಶ್ಚಯವಾಗುವುದು ಎಂದರು ನೈಯಾಯಿಕರು. ಇಂದಿನ ಸಂಶೋಧಕರು ಒಬ್ಬರ ಪ್ರಯೋಗವನ್ನು ಮತ್ತೊಬ್ಬರು ಮಾಡಿ ನೋಡಬೇಕೆನ್ನುವುದು ಈ ಎರಡನೆಯ ಪಕ್ಷಕ್ಕೆ ಸಮೀಪವಾದುದು. ಆದರೆ ನೈಯಾಯಿಕರು ಸಂಶಯದಿಂದಲೂ ಪ್ರವೃತ್ತಿಯುಂಟೆಂದು ಒಪ್ಪಿದವರೆಂಬುದನ್ನು ಮರೆಯಬಾರದು. ಮಳೆ ಬಂದೇ ಬರುವುದೆಂದು ನಿಶ್ಚಯಿಸಿಕೊಂಡು ಯಾವ ರೈತನೂ ಬಿತ್ತುವುದಿಲ್ಲ. ಆದುದರಿಂದ ಎಲ್ಲಿ ಕಾಯಬೇಕು, ಎಲ್ಲಿ ಕಾಯದೆ ನಡೆಯಬೇಕು ಎಂಬುದೇ ಉಳಿದ ಪ್ರಶ್ನೆ.

ಇದಕ್ಕೆ ಮನಶ್ಶಾಸ್ತ್ರದಿಂದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅಮೆರಿಕಾ ದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಮಿಷೆಲ್ ಎಂಬ ಪಂಡಿತರು ೧೯೬೦ರ ದಶಕದ ಕೊನೆಯಲ್ಲಿ ಅಲ್ಲಿಯ ಶಿಶುವಿಹಾರದ ಮಕ್ಕಳ ಮುಂದೆ ಒಂದು ಮಿಠಾಯಿಯನ್ನಿಟ್ಟು, ‘ಈಗಲೇ ತಿಂದರೆ ಇದೊಂದೇ, ನಾನು ಬರುವವರೆಗೆ ಕಾದರೆ ಎರಡು’ ಎಂದು ಹೇಳಿ ಹೊರಗೆ ಹೋಗುವ ಪ್ರಯೋಗವನ್ನು ಆರಂಭಿಸಿದರು. ಆ ಮಕ್ಕಳಲ್ಲಿ ಕೆಲವರ ಮುಂದಿನ ಜೀವನವನ್ನು ವಿಚಾರಿಸಿ ೧೯೯೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೆಚ್ಚು ಹೊತ್ತು ಕಾದವರು ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದುದು ಕಂಡುಬಂತು. ಮಿಷೆಲ್ಲರೇನೋ ಎಚ್ಚರದಿಂದಲೇ ಮಾತಾಡಿದ್ದರು. ಲೋಕವು ಮಾತ್ರ ಎಚ್ಚರವನ್ನು ಬಿಟ್ಟು ಮಿಠಾಯಿಯನ್ನೇ ಹಿಡಿಯಿತು. ನಾಲ್ಕು ವರ್ಷದ ಕೂಸಿನ ತಾಳ್ಮೆಯೇ ಅದರ ಹಣೆಬರಹವೆಂಬ ಮಾತು ಉಪಾಧ್ಯಾಯರ ಸಭೆಗಳಿಗೂ ಬಂತು.

ಆಮೇಲೆ ಬಾಧಕವು ಬಂತು. ೨೦೧೮ರಲ್ಲಿ ಟೈಲರ್ ವಾಟ್ಸ್ ಮತ್ತು ಅವರ ಸಂಗಡಿಗರು, ಒಂದೇ ವಿದ್ಯಾಪೀಠದ ಆವರಣದಲ್ಲಿ ಬೆಳೆದವರಲ್ಲದ, ನಾನಾ ಬಗೆಯ ಮನೆಗಳ ಒಂಬೈನೂರಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿದರು. ಹಿಂದೆ ಕಂಡ ಸಂಬಂಧದ ಬಲವು ಇಲ್ಲಿ ಅರ್ಧದಷ್ಟೇ ಇತ್ತು. ಮನೆಯ ಸ್ಥಿತಿಗತಿ, ತಾಯಿಯ ವಿದ್ಯೆ ಮೊದಲಾದುವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅರ್ಧದಲ್ಲಿಯೂ ಮೂರರಲ್ಲಿ ಎರಡು ಪಾಲು ಕರಗಿಹೋಯಿತು. ಇದಕ್ಕೆ ಮೊದಲೇ ರಾಚೆಸ್ಟರ್ ವಿಶ್ವವಿದ್ಯಾನಿಲಯದವರು ಇಪ್ಪತ್ತೆಂಟು ಮಕ್ಕಳಲ್ಲಿ ಮತ್ತೊಂದನ್ನು ನೋಡಿದ್ದರು. ಕೊಟ್ಟ ಮಾತನ್ನು ನಡೆಸಿದ ಹಿರಿಯರ ಎದುರಿಗೆ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರೆ, ಮೊದಲೇ ಒಮ್ಮೆ ಮಾತಿಗೆ ತಪ್ಪಿದವರ ಎದುರಿಗೆ ಮೂರೇ ನಿಮಿಷ ಕಾದರು. ಇಪ್ಪತ್ತೆಂಟು ಮಕ್ಕಳಿಂದ ಸಿದ್ಧಾಂತವನ್ನು ಕಟ್ಟಬಾರದೆಂಬುದು ನಿಜ. ಆದರೂ ಇದು ನಮ್ಮನ್ನು ಕೇಳುವ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಾಯದ ಕೂಸು ಚಪಲವೋ, ಅಥವಾ ಕಾದು ಮೋಸಹೋದುದೋ?

ಇಲ್ಲಿ ನನ್ನದೊಂದು ತಪ್ಪನ್ನು ಹೇಳದಿದ್ದರೆ ಉಪದೇಶವು ಪರೋಪದೇಶವಾದೀತು. ನನ್ನ ತರಗತಿಯಲ್ಲಿ ಒಬ್ಬ ಹುಡುಗನು ಮೊದಲನೆಯ ಪಾಠದಲ್ಲಿಯೇ ಮೇಜಿನ ಕೆಳಗೆ ಬುತ್ತಿಯನ್ನು ಬಿಚ್ಚಿ ಕದ್ದು ತಿನ್ನುತ್ತಿದ್ದನು. ನಾನು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಇಂದ್ರಿಯನಿಗ್ರಹವನ್ನು ಕುರಿತು ಅರ್ಧ ಗಂಟೆ ಮಾತಾಡಿದೆನು. ಆ ಮಾತಿನಲ್ಲಿ ಶಾಸ್ತ್ರಕ್ಕೆ ವಿರುದ್ಧವಾದುದು ಒಂದೂ ಇರಲಿಲ್ಲ. ಹಿಂದಿನ ದಿನದ ಮಧ್ಯಾಹ್ನದ ಮೇಲೆ ಅವನು ಏನನ್ನೂ ಉಂಡಿರಲಿಲ್ಲವೆಂಬುದು ವರ್ಷ ಮುಗಿಯುತ್ತ ಬಂದಾಗ ಅವನ ಜೊತೆಯ ಹುಡುಗನಿಂದ ತಿಳಿಯಿತು. ‘ಊಟವಾಯಿತೇನಪ್ಪ?’ ಎಂಬ ಒಂದು ಪ್ರಶ್ನೆ ನನ್ನಿಂದ ಬಂದಿರಲಿಲ್ಲ. ನನ್ನ ಅನುಮಾನವು ತಪ್ಪಿತ್ತು, ಅದರ ದಂಡವನ್ನು ತೆತ್ತವನು ಅವನು.

ನಾನು ಹೇಳಬೇಕೆಂದಿರುವುದು ಇದೇ. ಒಂದು ಅರಿವನ್ನು ನಂಬಿ ನಡೆಯುವ ಮುನ್ನ ‘ಇದು ನಿಜವೆ?’ ಎಂದು ಕೇಳಿದರೆ ಸಾಲದು; ‘ಇದು ತಪ್ಪಾದರೆ ಭಾರ ಯಾರ ಮೇಲೆ ಬೀಳುವುದು?’ ಎಂದೂ ಕೇಳಬೇಕು. ಭಾರವು ಬಾಯಿಲ್ಲದವರ ಮೇಲೆ ಬೀಳುವುದಾದರೆ ನಿಶ್ಚಯವಾಗುವವರೆಗೆ ಕಾಯುವುದು ಧರ್ಮ. ತನ್ನ ಮೇಲೆಯೇ ಬೀಳುವುದಾದರೆ ಸಾಹಸಕ್ಕೆ ಅವಕಾಶವುಂಟು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು, ಹೊಟ್ಟೆಯ ಹುಣ್ಣಿಗೆ ಮನಸ್ಸಿನ ಕಳವಳವೇ ಮುಖ್ಯಕಾರಣವೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಸೂಕ್ಷ್ಮಜೀವಿಯೊಂದನ್ನು ಕಾರಣವೆಂದರು. ಯಾರೂ ಒಪ್ಪದಿರಲು, ಮಾರ್ಷಲ್ಲರು ೧೯೮೪ರಲ್ಲಿ ಆ ಜೀವಿಗಳಿದ್ದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಗುರಿಯಾದರು. ಇಬ್ಬರಿಗೂ ೨೦೦೫ರಲ್ಲಿ ನೊಬೆಲ್ ಪಾರಿತೋಷಕವು ಬಂತು. ಅವರ ವಾದವು ನಿಜವಾದುದು ಬೇರೆ ಮಾತು. ಸುಳ್ಳಾಗಿದ್ದರೂ ಆ ಪ್ರಯೋಗದ ಭಾರವನ್ನು ಹೊತ್ತವರು ಅವರೇ.

ಭಾರವು ಯಾರ ಮೇಲೂ ಇಲ್ಲದಿರುವಲ್ಲಿ ಕೌತುಕದಿಂದ ಕಾಯಬಹುದು. ೨೦೨೩ರ ಜುಲೈ ತಿಂಗಳಿನಲ್ಲಿ ಕೊರಿಯಾ ದೇಶದವರು ಎಲ್‌ಕೆ-೯೯ ಎಂಬ ವಸ್ತುವು ಸಾಮಾನ್ಯವಾದ ಉಷ್ಣತೆಯಲ್ಲಿಯೇ ವಿದ್ಯುತ್ತನ್ನು ಯಾವ ತಡೆಯೂ ಇಲ್ಲದೆ ಹರಿಸುವುದೆಂದು ಸಾರಿದರು. ನಾನಾ ದೇಶದ ಪ್ರಯೋಗಶಾಲೆಗಳು ಮಾಡಿ ನೋಡಿ, ಆಗಸ್ಟ್ ಮುಗಿಯುವುದರೊಳಗಾಗಿ ಅದು ಹಾಗಲ್ಲವೆಂದು ತೀರ್ಮಾನಿಸಿದುವು. ಇದರಿಂದ ಕೆಟ್ಟವರಿಲ್ಲ.

ಕಾಯುವುದೇ ಅಧರ್ಮವಾಗುವ ಸಂದರ್ಭವೂ ಉಂಟು. ೧೯೭೪ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮೊಲಿನಾ ಮತ್ತು ರೋಲೆಂಡ್ ಎಂಬವರು, ಶೀತಕಯಂತ್ರಗಳಲ್ಲಿ ಬಳಸುವ ಅನಿಲಗಳು ಮೇಲೇರಿ, ಸೂರ್ಯನ ಕ್ರೂರಕಿರಣಗಳನ್ನು ತಡೆಯುವ ಓಜೋನ್ ಪದರವನ್ನು ಕ್ಷಯಗೊಳಿಸುವುವೆಂದರು. ‘ಪೂರ್ಣಪ್ರಮಾಣ ಬರಲಿ’ ಎಂದರು ಆ ಅನಿಲದ ವ್ಯಾಪಾರಿಗಳು. ೧೯೮೫ರಲ್ಲಿ ದಕ್ಷಿಣಧ್ರುವದ ಮೇಲೆ ಆ ಪದರವು ತೆಳುವಾದುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದರು. ಆ ನಾಶದ ಕಾರಣವು ಇನ್ನೂ ಚರ್ಚೆಯಲ್ಲಿದ್ದಾಗಲೇ ೧೯೮೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಡಂಬಡಿಕೆಗೆ ಬಂದುವು. ಇಲ್ಲಿ ಭಾರವು ಬೀಳುವುದು ಇನ್ನೂ ಹುಟ್ಟದವರ ಮೇಲೆ. ಅವರು ನಮ್ಮನ್ನು ಕಾಯಲು ಹೇಳಲಾರರು, ಬೇಡವೆನ್ನಲೂ ಆರರು. ಇಂಥಲ್ಲಿ ಬಿತ್ತುವ ರೈತನೇ ನಮಗೆ ಗುರು.

‘ಹೀಗೆ ಮೇಲಿಂದ ಮೇಲೆ ಬಾಧಕ ಬರುವ ವಿದ್ಯೆಯಲ್ಲಿ ಶ್ರದ್ಧೆಯಾದರೂ ಏಕೆ?’ ಎಂದು ಪೂರ್ವಪಕ್ಷವು ಏಳಬಹುದು. ೨೦೧೫ರಲ್ಲಿ ಮನಶ್ಶಾಸ್ತ್ರದ ನೂರು ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಸುಮಾರು ಮೂವತ್ತಾರರಲ್ಲಿ ಮಾತ್ರ ಗಣನೀಯವಾದ ಫಲ ಕಂಡುಬಂದುದು ನಿಜವೇ. ಆದರೆ ಆ ಕೆಲಸಕ್ಕೆ ಕೈಹಾಕಿದವರು ವಿಜ್ಞಾನದ ವೈರಿಗಳಲ್ಲ, ಅದೇ ಶಾಸ್ತ್ರದ ಪಂಡಿತರು. ತನ್ನ ತಪ್ಪನ್ನು ತಾನೇ ಹುಡುಕಿ ಲೋಕದ ಮುಂದಿಡುವ ವಿದ್ಯೆಯು, ತಪ್ಪೇ ಇಲ್ಲವೆನ್ನುವ ವಿದ್ಯೆಗಿಂತ ಹೆಚ್ಚು ನಂಬಿಕೆಗೆ ಯೋಗ್ಯವಾದುದು. ಪೂರ್ವಪಕ್ಷವನ್ನು ಸರಿಯಾಗಿ ಹೇಳದವನಿಗೆ ಸಿದ್ಧಾಂತವನ್ನು ಹೇಳುವ ಅಧಿಕಾರವಿಲ್ಲವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದುದರ ಅರ್ಥವೂ ಇದೇ.

ನಾಳೆಯ ಪತ್ರಿಕೆಯಲ್ಲಿಯೂ ಒಂದು ಹೊಸ ಸಂಶೋಧನೆ ಇದ್ದೇ ಇರುವುದು. ಅದನ್ನು ಓದಿ ಮನೆಯ ಮಗುವನ್ನೋ ಸೊಸೆಯನ್ನೋ ಕೆಲಸದವಳನ್ನೋ ಅಳೆಯಲು ಹೊರಡುವ ಮುನ್ನ, ತೀರ್ಪು ತಪ್ಪಿದರೆ ತೆರುವವರು ಯಾರೆಂದು ಒಂದು ಗಳಿಗೆ ಯೋಚಿಸೋಣ. ಆ ಹುಡುಗನು ಈಗ ಎಲ್ಲಿರುವನೋ ನಾನರಿಯೆ. ಅವನಿಗೆ ನಾನು ಕೇಳದೆ ಉಳಿಸಿದ ಪ್ರಶ್ನೆಯನ್ನು ವಾಚಕರು ತಮ್ಮ ಮಕ್ಕಳಿಗೆ ಕೇಳಿದರೆ ನನ್ನ ಋಣವು ಸ್ವಲ್ಪ ತೀರೀತು.