ಹತ್ತುವವರಿಗೆ ದಾರಿ

ಘಟ್ಟದ ಕಿರಿದಾದ ರಸ್ತೆಯಲ್ಲಿ ಎರಡು ಕಾರು ಎದುರುಬದುರಾದರೆ ಯಾರು ನಿಲ್ಲಬೇಕು? ಆಫೀಸಲ್ಲಿ ಊಟದ ಹೊತ್ತಿಗೆ ಕೇಳಿ ನೋಡಿ. ‘ತಿರುವಿಗೆ ಮೊದಲು ಬಂದವರು ಹೋಗ್ತಾರೆ’ ಅಂತ ಒಬ್ಬರು. ‘ದೊಡ್ಡ ಗಾಡಿ ಇದ್ದವರು ಹೋಗ್ತಾರೆ, ಇನ್ನೇನು’ ಅಂತ ಇನ್ನೊಬ್ಬರು. ಉತ್ತರ ಮಾತ್ರ ಯಾವತ್ತೋ ಬರೆದಿಟ್ಟಾಗಿದೆ. ಕೇಂದ್ರ ಸರ್ಕಾರ ಹೊರಡಿಸಿದ ರಸ್ತೆ ನಿಯಮಗಳ ಪ್ರಕಾರ, ಬೆಟ್ಟದ ರಸ್ತೆಯಲ್ಲಿ ಎರಡು ವಾಹನ ಸಲೀಸಾಗಿ ಹಾಯಲು ಜಾಗವಿಲ್ಲದ ಕಡೆ ಇಳಿಯುವವರು ಪಕ್ಕಕ್ಕೆ ನಿಲ್ಲಿಸಿ ಹತ್ತುವವರಿಗೆ ದಾರಿ ಬಿಡಬೇಕು.

ಈ ನಿಯಮ ಏನೇನು ಕೇಳುವುದಿಲ್ಲ ಅನ್ನೋದನ್ನ ಗಮನಿಸಿ. ಯಾರು ಮೊದಲು ಬಂದರು, ಯಾರ ಗಾಡಿ ದುಬಾರಿ, ಯಾರಿಗೆ ಅರ್ಜೆಂಟು, ಯಾವುದೂ ಬೇಡ ಇದಕ್ಕೆ. ಇದು ಲೆಕ್ಕಕ್ಕೆ ತಗೊಳ್ಳೋದು ಒಂದೇ ವಿಷಯ: ನಿಂತರೆ ಯಾರಿಗೆ ಹೆಚ್ಚು ಕಷ್ಟ?

ಕಳೆದ ಬೇಸಿಗೆಯಲ್ಲಿ ಅತ್ತೆಯನ್ನು ಶಿವಮೊಗ್ಗಕ್ಕೆ ಬಿಡಲು ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತಿದೆ. ಏಳು ಸೀಟಿನ ಕಾರು, ಏಳು ಜನ: ಅಪ್ಪ, ಅಮ್ಮ, ಅತ್ತೆ, ಅಕ್ಕ, ಭಾವ, ಅಕ್ಕನ ಮಗಳು, ನಾನು. ಮೇಲೆ ಕ್ಯಾರಿಯರ್ ತುಂಬ ಬ್ಯಾಗುಗಳು. ಹಿಂದೆ ಅರ್ಧ ಮೂಟೆ ಕುಚ್ಚಲಕ್ಕಿ, ತೆಂಗಿನಕಾಯಿ, ಎರಡು ಹಲಸಿನಹಣ್ಣು. ‘ಇದೊಂದು ಇಟ್ಕೊಳ್ಳೋ, ಎಷ್ಟು ಜಾಗ ಬೇಕು ಅದಕ್ಕೆ’ ಅಂತ ಒಬ್ಬೊಬ್ಬರೂ ಒಂದೊಂದು ಇಟ್ಟಿದ್ದರು. ಒಂದೊಂದೂ ಸಣ್ಣದೇ. ಒಟ್ಟು ಎಷ್ಟಾಯ್ತು ಅಂತ ಗೊತ್ತಾಗೋದು ಕ್ಲಚ್ ಮೇಲೆ ಕಾಲಿಟ್ಟವನಿಗೆ ಮಾತ್ರ.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಂಥ ತಿರುವಿನ ನಡುವೆ ತುಂಬಿದ ಕಾರನ್ನು ನಿಲ್ಲಿಸಿದರೆ ಮತ್ತೆ ಹೊರಡಿಸೋದು ಸುಲಭವಲ್ಲ. ಹ್ಯಾಂಡ್‌ಬ್ರೇಕ್ ಹಾಕಿ, ಅರ್ಧ ಕ್ಲಚ್ಚಲ್ಲಿ ಎಂಜಿನ್ ಕೂಗಿಸಿ ಎಳೆಯಬೇಕು. ಒಂದೆರಡು ಸಲ ಹಾಗೆ ಮಾಡಿದರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಒಳಗೇ ಬರುತ್ತೆ. ಹಿಂದಕ್ಕೆ ಸರಿಯೋಣ ಅಂದರೆ ನಡುವಿನ ಕನ್ನಡಿಯಲ್ಲಿ ಕಾಣೋದು ಮೂಟೆ ಮತ್ತು ತಲೆಗಳು, ರಸ್ತೆಯಲ್ಲ. ಇಳಿಯುವವರು ನಿಂತರೆ ಬ್ರೇಕ್ ಒತ್ತಬೇಕು, ಆಮೇಲೆ ಬಿಡಬೇಕು. ಅಷ್ಟೇ.

ಅಷ್ಟೇನಾ? ಇಳಿಯುವವರ ಪರವಾಗಿಯೂ ವಾದ ಇದೆ. ಜನ, ಸಾಮಾನು ಎಲ್ಲ ಸೇರಿ 1,800 ಕೆ.ಜಿ. ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು 25 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ನಿಮ್ಮ ಫ್ಲ್ಯಾಟಿನ ಒಂದು ಗೀಸರ್ ತುಂಬ ನೀರು ಅಂದುಕೊಳ್ಳಿ. ಅದರಲ್ಲಿ ದೊಡ್ಡ ಪಾಲನ್ನು ಬ್ರೇಕು, ಎಂಜಿನ್ನು ಸೇರಿ ಹೀರಬೇಕು. ಕೆಳಗಿನ ಗೇರಲ್ಲಿ ಇಳಿಯದೆ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತೆ. ಹಾಗಾಗಿ ನಿಯಮ ಪ್ರತೀ ಸಲವೂ ನ್ಯಾಯವಾಗಿರುತ್ತೆ ಅಂತಲ್ಲ. ಆದರೆ ಪರಿಚಯವೇ ಇಲ್ಲದ ಇಬ್ಬರು ತಿರುವಿನಲ್ಲಿ ತಮ್ಮ ತಮ್ಮ ಕಷ್ಟದ ಪಟ್ಟಿ ಓದುತ್ತಾ ಕೂರೋಕಾಗಲ್ಲ. ಇಳಿಜಾರು ಯಾವ ಕಡೆಗಿದೆ ಅನ್ನೋದು ಇಬ್ಬರಿಗೂ ಕಾಣುತ್ತೆ, ಅದಕ್ಕೇ ಅದನ್ನೇ ಅಳತೆ ಮಾಡಿಕೊಂಡಿದ್ದಾರೆ.

ತೊಂದರೆ ಏನಪ್ಪಾ ಅಂದರೆ, ಇಳಿಯುವಾಗ ನಾವು ಇಳಿತಾ ಇದೀವಿ ಅಂತ ನಮಗೆ ಅಷ್ಟಾಗಿ ಅನ್ನಿಸಲ್ಲ. ಕಾರು ಸರಾಗ ಓಡ್ತಾ ಇದ್ದರೆ ನಮ್ಮ ಡ್ರೈವಿಂಗೇ ಚೆನ್ನಾಗಿದೆ ಅನ್ನಿಸುತ್ತೆ. ಎದುರಿನಿಂದ ಉಸಿರು ಕಟ್ಟಿಕೊಂಡು ಬರುವ ಗಾಡಿ ನೋಡಿ ‘ಏನು ಇಷ್ಟು ನಿಧಾನ’ ಅಂತ ಹಾರ್ನ್ ಹೊಡೀತೀವಿ. ಇಪ್ಪತ್ತೆಂಟು ಮೂವತ್ತು ವಯಸ್ಸಿಗೆ, ಒಳ್ಳೆ ಸಂಬಳ, ಆರೋಗ್ಯ, ಇನ್ನೂ ಯಾರ ಜವಾಬ್ದಾರಿಯೂ ಇಲ್ಲದೆ ಬೆಂಗಳೂರಲ್ಲಿ ಇರುವ ನಮ್ಮಂಥವರು ಎಷ್ಟೋ ವಿಷಯದಲ್ಲಿ ಇಳಿಜಾರಿನಲ್ಲೇ ಇದ್ದೀವಿ.

ಈಗ ನಮ್ಮ ಮನೆಯಲ್ಲೇ ಒಂದು ತಿರುವು ಬಂದಿದೆ. ಮುಂದಿನ ತಿಂಗಳು ಅಪ್ಪನಿಗೆ ಮಂಡಿ ಆಪರೇಷನ್. ಮೂರು ವಾರ ಯಾರಾದರೂ ಜೊತೆಗಿರಬೇಕು. ‘ಹೇಗೂ ಅಕ್ಕ ಉಡುಪಿಯಲ್ಲೇ ಇದ್ದಾಳಲ್ಲ’ ಅಂತ ಫೋನ್ ಮಾಡಿದವರೆಲ್ಲ ಹೇಳಿದರು. ಅಕ್ಕನೂ ಹೂಂ ಅಂದಳು. ಅವಳಿಗೆ ಶಾಲೆಯ ಕೆಲಸ, ಹಾಸಿಗೆ ಹಿಡಿದ ಮಾವ, ಈ ವರ್ಷ ಎಸ್ಸೆಸ್ಸೆಲ್ಸಿ ಬರೆಯುವ ಮಗಳು. ನನಗೆ ಒಂದು ಲ್ಯಾಪ್‌ಟಾಪು, ಒಂದು ಬಾಡಿಗೆ ಮನೆ. ಅವಳು ಮೂರು ವಾರ ನಿಂತರೆ ಒಂದು ಮನೆಯ ದಿನಚರಿಯೇ ನಿಲ್ಲುತ್ತೆ. ನಾನು ನಿಂತರೆ ಒಂದು ಪ್ರಾಜೆಕ್ಟು ಸ್ವಲ್ಪ ತಡವಾಗುತ್ತೆ, ಈ ಸಲದ ರೇಟಿಂಗ್ ಒಂದು ಮೆಟ್ಟಿಲು ಇಳಿಯಬಹುದು. ಇದು ನಷ್ಟ ಅಲ್ಲ ಅಂತ ನಾನು ಹೇಳಲ್ಲ. ಆದರೆ ಎರಡೂ ನಷ್ಟ ಒಂದೇ ತೂಕದವಲ್ಲ.

ಹಾಗಾದರೂ ಎಲ್ಲರ ಕಣ್ಣು ಮೊದಲು ಹೋಗಿದ್ದು ಅಕ್ಕನ ಕಡೆಗೇ. ಭಾರ ಹೊತ್ತು ಹೇಗೋ ಸಾಗುತ್ತಿರುವವರನ್ನು ನೋಡಿದರೆ, ಇನ್ನೊಂದು ಹಲಸಿನಹಣ್ಣು ಇಟ್ಟರೂ ಸಾಗ್ತಾರೆ ಅಂತ ನಮಗೆ ಅನ್ನಿಸಿಬಿಡುತ್ತೆ. ‘ಅವಳಿಗೆ ಅಭ್ಯಾಸ ಇದೆ’ ಅನ್ನೋದನ್ನ ನಾವು ಹೊಗಳಿಕೆ ಥರ ಹೇಳ್ತೀವಿ.

ಒಂದು ಸಂದೇಹ ನ್ಯಾಯವಾದದ್ದು. ಹೀಗೆ ಹೇಳಿದರೆ, ಜೋರಾಗಿ ನರಳುವವರಿಗೇ ಎಲ್ಲರೂ ದಾರಿ ಬಿಡಬೇಕಾಗುತ್ತಲ್ಲ? ಆಗಲ್ಲ. ನಿಯಮ ನೋಡೋದು ಏರನ್ನ, ಎಂಜಿನ್ ಎಷ್ಟು ಕೂಗುತ್ತೆ ಅನ್ನೋದನ್ನಲ್ಲ. ನಿಲ್ಲಿಸಿದರೆ ಯಾರು ಹಿಂದಕ್ಕೆ ಜಾರ್ತಾರೆ ಅಂತ ಕೇಳಿಕೊಂಡರೆ ಸಾಕು. ಹಾಗೇ ಭಾರ ಹೊತ್ತವರಿಗೂ ಕೆಲಸ ಇದೆ. ಹಿಂಭಾಗ ಭಾರವಾದಾಗ ಕಾರಿನ ಮೂಗು ಮೇಲೇಳುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತೆ. ಅದನ್ನು ತಗ್ಗಿಸಲು ಎಷ್ಟೋ ಕಾರುಗಳ ಸ್ಟೇರಿಂಗ್ ಪಕ್ಕದಲ್ಲೇ ಒಂದು ಪುಟ್ಟ ಚಕ್ರ ಇರುತ್ತೆ, ತಿರುಗಿಸಬೇಕು. ಹೊರಡುವ ಮೊದಲು ಟೈರಿಗೆ ಪೂರ್ತಿ ಲೋಡಿಗೆ ಬೇಕಾದಷ್ಟು ಗಾಳಿ ಹಾಕಿಸಬೇಕು. ಹಿಂದೆ ಸಾಲು ಬೆಳೆದರೆ ಅಗಲವಿದ್ದ ಕಡೆ ಪಕ್ಕಕ್ಕೆ ಸರಿದು ಬಿಟ್ಟುಕೊಡಬೇಕು. ನನ್ನ ಹತ್ತಿರ ಭಾರ ಇದೆ ಅಂದ ಮಾತ್ರಕ್ಕೆ ರಸ್ತೆ ನನ್ನದಾಗಲ್ಲ.

ಮೂರು ವಾರ ಊರಿನಿಂದಲೇ ಕೆಲಸ ಮಾಡ್ತೀನಿ ಅಂತ ಮೊನ್ನೆ ಮ್ಯಾನೇಜರಿಗೆ ಮೇಲ್ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ರಜೆ ಹಾಕೋದು. ಅಕ್ಕನಿಗೆ ಹೇಳಿದಾಗ ಅವಳು ‘ನಿನಗೆ ತೊಂದರೆ ಆಗಲ್ವೇನೋ?’ ಅಂತಲೇ ಮೊದಲು ಕೇಳಿದಳು. ‘ಆಗುತ್ತೆ ಕಣೇ, ನಿನ್ನಷ್ಟಲ್ಲ’ ಅಂದೆ.